ತಿರುಗದ ಗುಂಡಿ

ಹೊಟ್ಟೆಕಿಚ್ಚಿಗೆ ಹೊಗೆ ಇರುವುದಿಲ್ಲ. ಇದ್ದಿದ್ದರೆ ಆ ಬೆಳಿಗ್ಗೆ ರೈಲಿನ ಆ ಡಬ್ಬಿಯಲ್ಲಿ ಕೂತವರೆಲ್ಲ ಕೆಮ್ಮುತ್ತಾ ಕಿಟಕಿ ತೆರೆಯಬೇಕಾಗುತ್ತಿತ್ತು. ದೊಡ್ಡ ಸೊಸೆ ಕಿಟಕಿಯ ಪಕ್ಕ ಕೂತು ಹೊರಗೆ ಓಡುವ ಕಂಬಗಳನ್ನು ನೋಡುತ್ತಿರುವಂತೆ ಕಾಣುತ್ತಿದ್ದಳು. ನಿಜಕ್ಕೂ ನೋಡುತ್ತಿದ್ದುದು ಗಾಜಿನಲ್ಲಿ ಮೂಡಿದ್ದ ಎದುರು ಸೀಟನ್ನು. ಅಲ್ಲಿ ಅತ್ತೆ ಕೂತಿದ್ದರು. ಅತ್ತೆಯ ಪಕ್ಕದಲ್ಲಿ ಚಿಕ್ಕ ಸೊಸೆ. ಚಿಕ್ಕ ಸೊಸೆಯ ಮಡಿಲಲ್ಲಿ, ನಿನ್ನೆ ಹುಟ್ಟಿದ ಕೂಸನ್ನು ಹಿಡಿದ ಹಾಗೆ, ಮಾವನ ಕ್ಯಾಮೆರಾ.

ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಉಳಿದದ್ದು ಈ ಕ್ಯಾಮೆರಾ ಒಂದೇ, ಅದೂ ಅತ್ತೆಯ ಬೀರುವಿನ ಮೇಲಿನ ಅರೆಯಲ್ಲಿ, ಹಳೆಯ ಟವೆಲ್ಲು ಸುತ್ತಿಕೊಂಡು. ದೊಡ್ಡ ಸೊಸೆಗೆ ಫಿಲ್ಮ್ ತುಂಬಿಸುವುದನ್ನೂ ಬೆಳಕು ನೋಡಿ ಅಂದಾಜು ಮಾಡುವುದನ್ನೂ ಕಲಿಸಿದವರು ಮಾವನೇ. "ನಿನ್ನ ಕೈ ನಡುಗಲ್ಲ ಕಣಮ್ಮ" ಎಂದು ಅವರು ಒಂದು ಸಲ ಅಂದದ್ದನ್ನು ಅವಳು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಳು. ಬೀರು ಒರೆಸುವ ನೆಪದಲ್ಲಿ ಆ ಕ್ಯಾಮೆರಾವನ್ನು ಕೆಳಗಿಳಿಸುವುದು, ಧೂಳು ಒರೆಸುವುದು, ಫಿಲ್ಮ್ ಇಲ್ಲದೆಯೇ ಒಮ್ಮೆ ಕ್ಲಿಕ್ ಅನ್ನಿಸಿ ಮತ್ತೆ ಟವೆಲ್ಲು ಸುತ್ತಿ ಮೇಲಿಡುವುದು, ಇದು ಅವಳ ಗುಟ್ಟಿನ ಸಂಭ್ರಮ. ಒಂದಲ್ಲ ಒಂದು ದಿನ ಅತ್ತೆ ತಾವಾಗಿಯೇ "ಇದು ನಿನಗೆ" ಅನ್ನುತ್ತಾರೆ ಎಂದು ಕಾದಿದ್ದಳು. ಬಾಯಿ ಬಿಟ್ಟು ಕೇಳಿರಲಿಲ್ಲ. ಕೇಳಿ ಪಡೆದದ್ದರಲ್ಲಿ ಏನು ಮರ್ಯಾದೆ?

ಚಿಕ್ಕವಳು ಕೇಳಿದಳು. ಆಗಿದ್ದು ಅಷ್ಟೇ.

ಅಣ್ಣತಮ್ಮಂದಿರಿಬ್ಬರೂ ಸೇರಿ ಮನೆಗೆ ಬಣ್ಣ ಹೊಡೆಸಲು ಹೊರಟಿದ್ದರು. ಬಣ್ಣದ ವಾಸನೆಗೆ ಅತ್ತೆಗೆ ತಲೆನೋವು. ಸರಿ, ಹೆಂಗಸರು ಮೂವರೂ ಒಂದೆರಡು ದಿನ ನದಿಯ ದಂಡೆಯ ಒಂದು ಹಳೇ ನಗರ ಸುತ್ತಿ ಬರಲಿ ಎಂದು ತೀರ್ಮಾನವಾಯಿತು. ಹೊರಡುವ ಹಿಂದಿನ ಸಂಜೆ ಚಿಕ್ಕವಳು, ಸಕ್ಕರೆ ಡಬ್ಬ ಎಲ್ಲಿದೆ ಎಂದು ಕೇಳುವಷ್ಟು ಸಲೀಸಾಗಿ, "ಅತ್ತೆ, ಮಾವನ ಕ್ಯಾಮೆರಾ ತಗೊಂಡು ಹೋಗ್ಲಾ?" ಅಂದಳು. ಅತ್ತೆ ಸ್ಟೂಲು ಹಾಕಿಕೊಂಡು ಹತ್ತಿ ಇಳಿಸಿಯೇ ಬಿಟ್ಟರು. ಕೊಡುತ್ತಾ ಒಂದು ಮಾತು ಸೇರಿಸಿದರು: "ತೆಗೆದು ನೋಡು. ಚೆನ್ನಾಗಿ ಬಂದ್ರೆ ನೀನೇ ಇಟ್ಕೋ."

ದೊಡ್ಡವಳು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದಳು. ಒಂದೇ ಅಂಗಿಯನ್ನು ಮತ್ತೆ ಮತ್ತೆ ಮಡಿಸಿದಳು.

ಚಿಕ್ಕವಳಿಗೆ ಫೋಟೋದ ಗಂಧಗಾಳಿಯೂ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಅದೇ ಕಷ್ಟ. ಹೋದ ವರ್ಷ ಮನೆಯ ಹುಟ್ಟುಹಬ್ಬವೊಂದರಲ್ಲಿ ದೊಡ್ಡವಳ ಕ್ಯಾಮೆರಾವನ್ನು ಒಂದು ಗಳಿಗೆ ಇಸಿದುಕೊಂಡು ನಾಲ್ಕಾರು ಚಿತ್ರ ತೆಗೆದಿದ್ದಳು. ಎರಡರಲ್ಲಿ ತಲೆ ಕತ್ತರಿಸಿಹೋಗಿತ್ತು, ಒಂದು ಅಲ್ಲಾಡಿತ್ತು. ಆದರೂ ಮನೆಮಂದಿಯೆಲ್ಲ ಆ ಚಿತ್ರಗಳನ್ನೇ ಕೈಯಿಂದ ಕೈಗೆ ದಾಟಿಸಿದರು. ಅವುಗಳಲ್ಲಿದ್ದವರು ಮಾತಾಡುತ್ತಿದ್ದರು, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ದೊಡ್ಡವಳ ಚಿತ್ರಗಳು ನೂಲು ಹಿಡಿದ ಹಾಗೆ ನೇರ, ಬೆಳಕು ಪಕ್ಕಾ. ಅವುಗಳಲ್ಲಿ ಜನ ಮಾತ್ರ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಅವಳು ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಕೆಲಸ ಮಾಡುವವಳು. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ" ಎಂದು ದಿನವಿಡೀ ಹೇಳಿ ಹೇಳಿ ಅಭ್ಯಾಸ. ಅವಳ ಗಂಡ ಒಮ್ಮೆ ತಮಾಷೆಗೆ, "ನಿನ್ನ ಫೋಟೋದಲ್ಲಿ ನನ್ನ ಮುಖಕ್ಕಿಂತ ಪಕ್ಕೆಲುಬೇ ಚೆನ್ನಾಗಿ ಕಾಣುತ್ತೆ" ಅಂದಿದ್ದ. ಆ ತಮಾಷೆಯನ್ನು ಅವಳು ಇನ್ನೂ ಕ್ಷಮಿಸಿರಲಿಲ್ಲ.

ಚಿಕ್ಕವಳು ಹೆಂಗಸರ ತಲೆಗೂದಲು ಕತ್ತರಿಸುವ ಸಲೂನಿನಲ್ಲಿದ್ದಳು. ಕನ್ನಡಿಯ ಮುಂದೆ ಬಂದು ಕೂತವರ ಗಂಟುಮೋರೆಯನ್ನು ಬಿಡಿಸುವುದು ಅವಳಿಗೆ ಬಾಚಣಿಗೆ ಆಡಿಸಿದಷ್ಟೇ ಸುಲಭ.

"ಅಕ್ಕ," ಎಂದಳು ಈಗ, ರೈಲು ಊರು ದಾಟುತ್ತಿದ್ದಂತೆ. "ಇದಕ್ಕೆ ಫಿಲ್ಮ್ ತುಂಬಿಸಿ ಕೊಡ್ತೀರಾ ಅಕ್ಕ? ನನಗೆ ಕೈ ನಡುಗುತ್ತೆ ಅಕ್ಕ."

ಒಂದು ಮಾತಿಗೆ ಮೂರು ಅಕ್ಕ. ಮೊದಮೊದಲು ಇದು ಮುದ್ದೆನಿಸುತ್ತಿತ್ತು. ಈಚೆಗೆ ಕಿವಿಯ ಹತ್ತಿರ ಸೊಳ್ಳೆ ಗುಯ್‌ಗುಟ್ಟಿದ ಹಾಗೆ ಕೇಳುತ್ತಿತ್ತು.

ದೊಡ್ಡವಳು ಕ್ಯಾಮೆರಾ ಇಸಿದುಕೊಂಡು ಬೆನ್ನು ತೆರೆದಳು. ಫಿಲ್ಮಿನ ಸುರುಳಿಯನ್ನು ಎಡಗಡೆ ಕೂರಿಸಿ, ಅದರ ನಾಲಿಗೆಯನ್ನು ಎಳೆದು ಬಲಗಡೆಯ ಉರುಳೆಯ ಸೀಳಿಗೆ ಸಿಕ್ಕಿಸಬೇಕು. ಮುಚ್ಚುವ ಮೊದಲು ಒಂದು ಸಲ ಫಿಲ್ಮು ಮುಂದೆ ಸರಿಸುವ ಲಿವರ್ ಎಳೆದು, ಫಿಲ್ಮು ಕಚ್ಚಿಕೊಂಡಿದೆಯೋ ಇಲ್ಲವೋ ಕಣ್ಣಾರೆ ನೋಡಬೇಕು. ಮುಚ್ಚಿದ ಮೇಲೂ ನೋಡಬೇಕಾದದ್ದೊಂದಿದೆ. ಮೇಲ್ಗಡೆ ಎಡ ಮೂಲೆಯಲ್ಲಿ ಒಂದು ಪುಟ್ಟ ಗುಂಡಿ. ಒಳಗೆ ಫಿಲ್ಮು ಸರಿದರೆ ಅದೂ ತಿರುಗುತ್ತದೆ. ಅದು ತಿರುಗದಿದ್ದರೆ ಒಳಗೆ ಏನೂ ಸರಿಯುತ್ತಿಲ್ಲ ಎಂದೇ ಲೆಕ್ಕ. "ಗುಂಡಿ ನೋಡದೆ ಕ್ಲಿಕ್ ಮಾಡೋನು ಕಣ್ಣು ಮುಚ್ಚಿ ರಸ್ತೆ ದಾಟಿದ ಹಾಗೆ" ಎನ್ನುತ್ತಿದ್ದರು ಮಾವ. ಇಷ್ಟು ವರ್ಷದಲ್ಲಿ ಅವಳು ಅದನ್ನು ಒಮ್ಮೆಯೂ ತಪ್ಪಿಸಿರಲಿಲ್ಲ.

ನಾಲಿಗೆಯನ್ನು ಸೀಳಿಗೆ ಸಿಕ್ಕಿಸುವ ಹೊತ್ತಿಗೆ ಸರಿಯಾಗಿ ಅತ್ತೆ, "ನಿನ್ನ ಕೊರಳಿಗೆ ಆ ಕ್ಯಾಮೆರಾ ಎಷ್ಟು ಚೆನ್ನಾಗಿ ಒಪ್ಪುತ್ತೆ ಕಣೇ" ಎಂದು ಚಿಕ್ಕವಳ ಗಲ್ಲ ಮುಟ್ಟಿದರು.

ಎದೆಗೆ ಯಾರೋ ಕೊಳ್ಳಿ ತಾಗಿಸಿದ ಹಾಗಾಯಿತು. ದೊಡ್ಡವಳು ಬೆನ್ನಿನ ಮುಚ್ಚಳವನ್ನು ಫಟ್ಟನೆ ಮುಚ್ಚಿ, "ತಗೋ" ಎಂದು ಚಾಚಿದಳು. ಲಿವರ್ ಎಳೆದು ನೋಡಲಿಲ್ಲ. ನೋಡಲಿಲ್ಲ ಎಂಬುದೂ ಆಗ ಅವಳಿಗೆ ನೆನಪಾಗಲಿಲ್ಲ.

ನಗರ ಚಂದವಿತ್ತು. ಕಲ್ಲು ಹಾಸಿದ ಇಕ್ಕಟ್ಟು ಬೀದಿಗಳು, ಗಂಟೆ ಬಾರಿಸುತ್ತಾ ಬರುವ ಟ್ರಾಮು, ಒಂದು ಗೋಡೆಯ ಬಣ್ಣ ಎದುರು ಗೋಡೆಗೆ ಬಳಿದುಕೊಂಡಂತೆ ಬೀಳುವ ಬೆಳಕು. ದೊಡ್ಡವಳು ತನ್ನ ಹಳೇ ಕ್ಯಾಮೆರಾದಲ್ಲಿ ಕಮಾನುಗಳನ್ನು ತೆಗೆದಳು, ಗೋಪುರ ತೆಗೆದಳು, ಮೆಟ್ಟಿಲುಗಳ ನೆರಳು ತೆಗೆದಳು. ಚಿಕ್ಕವಳು ಸಿಕ್ಕಸಿಕ್ಕವರನ್ನೆಲ್ಲ ಮಾತಾಡಿಸಿ ತೆಗೆಯುತ್ತಿದ್ದಳು. ಹೂ ಮಾರುವವಳು ತನ್ನ ಬುಟ್ಟಿಯನ್ನೇ ತಲೆಗೆ ಕವುಚಿಕೊಂಡು ನಿಂತಳು. ಟ್ರಾಮಿನ ಚಾಲಕ ಹೊರಡುವುದನ್ನೇ ಮರೆತು ಮೀಸೆ ತೀಡಿದ. ಅತ್ತೆಯಂತೂ ಅವಳ ತೋಳಿಗೆ ತೋಳು ಹೆಣೆದು ನಡೆಯುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಅತ್ತೆ ತನ್ನ ತೋಳು ಹಿಡಿದದ್ದು ಯಾವಾಗ ಎಂದು ದೊಡ್ಡವಳು ಲೆಕ್ಕ ಹಾಕಿದಳು. ಅತ್ತೆಗೆ ಕಣ್ಣಿನ ಆಪರೇಷನ್ ಆದಾಗ. ಆಗ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಸೇತುವೆಯ ಮೇಲೆ ಚಿಕ್ಕವಳು ದೋಣಿಯವನೊಬ್ಬನನ್ನು ಗುರಿಯಿಟ್ಟು ಕ್ಲಿಕ್ ಮಾಡಿ, ಲಿವರ್ ಎಳೆದಳು. ದೊಡ್ಡವಳ ಕಣ್ಣು ಅಭ್ಯಾಸಬಲದಿಂದ ಎಡ ಮೂಲೆಯ ಗುಂಡಿಯ ಮೇಲೆ ಹೋಯಿತು.

ಗುಂಡಿ ತಿರುಗಲಿಲ್ಲ.

ಸಡಿಲ ಇರಬಹುದು, ಒಂದೆರಡು ಕ್ಲಿಕ್ ಆದ ಮೇಲೆ ಬಿಗಿಯಾಗುತ್ತದೆ ಅಂದುಕೊಂಡಳು. ಚಿಕ್ಕವಳು ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ಗುಂಡಿ ಕಲ್ಲಿನ ಹಾಗೆ ಕೂತಿತ್ತು. ನಾಲಿಗೆ ಸೀಳಿನಿಂದ ಜಾರಿಬಿಟ್ಟಿತ್ತು. ಬೆಳಗಿನಿಂದ ತೆಗೆದ ಹೂವಿನವಳಿಲ್ಲ, ಮೀಸೆಯವನಿಲ್ಲ, ಒಬ್ಬರೂ ಇಲ್ಲ. ಒಳಗೆ ಫಿಲ್ಮು ತನ್ನ ಡಬ್ಬಿಯಲ್ಲಿ ಮುಸುಕು ಹೊದ್ದು ಮಲಗಿತ್ತು.

"ಲೇ, ನಿಲ್ಲು" ಎನ್ನಲು ಬಾಯಿ ತೆರೆದಳು, ಇದನ್ನು ಅವಳ ಪರವಾಗಿ ಹೇಳಲೇಬೇಕು. ಅಷ್ಟರಲ್ಲಿ ಎರಡು ಯೋಚನೆ ಒಟ್ಟಿಗೆ ಬಂದವು. ಒಂದು, ತುಂಬಿಸಿದ್ದು ತಾನೇ. ನಡುಗದ ಕೈ ಎಂಬ ಹೆಸರು ಅತ್ತೆಯ ಎದುರಿಗೇ ಮಣ್ಣುಪಾಲಾಗುತ್ತದೆ. ಎರಡನೆಯದು ಅದರ ಹಿಂದೆಯೇ, ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂತು: ಚೆನ್ನಾಗಿ ಬಂದರೆ ತಾನೇ ಇಟ್ಟುಕೊಳ್ಳುವುದು?

"ಏನಕ್ಕ? ಏನೋ ಹೇಳೋಕೆ ಬಂದ್ರಿ."

"ಏನಿಲ್ಲ. ಗಾಳಿ ಜೋರಾಗಿದೆ, ಅತ್ತೆಗೆ ಶಾಲು ಹೊದಿಸು ಅಂತ."

ಚಿಕ್ಕವಳು ಹೊದಿಸಿದಳು. ಅತ್ತೆ ಶಾಲು ಸರಿಮಾಡಿಕೊಳ್ಳುತ್ತಾ ದೊಡ್ಡವಳ ಮುಖವನ್ನೇ ಒಂದು ಕ್ಷಣ ನೋಡಿದರು. ದೊಡ್ಡವಳು ನದಿ ನೋಡಿದಳು.

ಬಾಡಿಗೆಗೆ ಹಿಡಿದಿದ್ದ ಮನೆ ಮೂರನೇ ಮಹಡಿಯಲ್ಲಿತ್ತು. ಸಂಜೆ ಮೂವರೂ ಅಲ್ಲಿ ಬ್ರೆಡ್ಡು, ಸೂಪು ಮುಂದಿಟ್ಟುಕೊಂಡು ಕೂತಾಗ ಚಿಕ್ಕವಳು ತೆಗೆದ ಚಿತ್ರಗಳನ್ನೆಲ್ಲ ಒಂದೊಂದಾಗಿ ಬಾಯಲ್ಲೇ ತೋರಿಸಿದಳು. "ಆ ಹೂವಿನವಳ ಕಿವಿಯಲ್ಲಿ ಒಂದೇ ಓಲೆ ಇತ್ತು ಅಕ್ಕ, ನೋಡಿದ್ರಾ? ಅದು ಬಂದಿದ್ರೆ ಸಾಕು." ದೊಡ್ಡವಳು ಸೂಪನ್ನು ಚಮಚದಿಂದ ಸುಮ್ಮನೆ ಕದಡುತ್ತಿದ್ದಳು. ಈಗಲೂ ಹೊತ್ತು ಮೀರಿಲ್ಲ, ಹೇಳಿಬಿಡು ಎಂದು ಮನಸ್ಸು ತಿವಿಯಿತು. ಹೇಳುವುದೇ ಸರಿ ಎಂದು ಚಮಚ ಕೆಳಗಿಟ್ಟಳು. ಆಗ ಅತ್ತೆ ಚಿಕ್ಕವಳತ್ತ ಬ್ರೆಡ್ಡಿನ ತಟ್ಟೆ ಸರಿಸುತ್ತಾ, "ನೀನು ತೆಗೆಯುವಾಗ ಜನ ಹಿಗ್ಗುತ್ತಾರೆ ಕಣೇ. ನಿನ್ನ ಮಾವನಿಗೂ ಆ ಗುಣ ಇರಲಿಲ್ಲ" ಅಂದರು.

ದೊಡ್ಡವಳು ಚಮಚ ಎತ್ತಿಕೊಂಡು ಸೂಪು ಪೂರ್ತಿ ಮುಗಿಸಿದಳು.

ಮಾರನೆಯ ದಿನ ಬಿಸಿಲು ಏರುವ ಹೊತ್ತಿಗೆ ಅವರು ಊರ ನಡುವಿನ ದೊಡ್ಡ ಚೌಕದಲ್ಲಿದ್ದರು. ಅಲ್ಲಿ ಕಲ್ಲುಕಟ್ಟೆಯೊಂದರ ಮೇಲೆ ಬೆಳ್ಳಿ ಬಣ್ಣದ ಪ್ರತಿಮೆ ನಿಂತಿತ್ತು. ಟೋಪಿ, ಕೋಟು, ಕೈಯಲ್ಲಿ ಕೊಡೆ, ಎಲ್ಲವೂ ಬೆಳ್ಳಿ. ಮೈಗೆ ಬಣ್ಣ ಬಳಿದುಕೊಂಡು ಅಲ್ಲಾಡದೆ ನಿಂತು ನೋಡುವವರಿಂದ ನಾಲ್ಕು ಕಾಸು ಪಡೆಯುವ ಮನುಷ್ಯ ಅವನು ಎಂಬುದು ಸೊಸೆಯರಿಬ್ಬರಿಗೂ ತಕ್ಷಣ ತಿಳಿಯಿತು. ಅತ್ತೆಗೆ ತಿಳಿಯಲಿಲ್ಲ. ಅವರು ಹತ್ತಿರ ಹೋಗಿ, ಕನ್ನಡಕ ಮೇಲೇರಿಸಿ, ಸ್ಟುಡಿಯೋದ ಹಳೇ ಯಜಮಾನಿಯ ಗತ್ತಿನಲ್ಲಿ ಪರೀಕ್ಷೆ ಶುರುಮಾಡಿದರು.

"ಕೆಲಸ ಪರವಾಗಿಲ್ಲ. ಬಟ್ಟೆಯ ನೆರಿಗೆ ಚೆನ್ನಾಗಿ ಕೂರಿಸಿದಾನೆ. ಆದ್ರೆ ಮೂಗು ನೋಡು, ಆಲೂಗಡ್ಡೆ ಅಂಟಿಸಿದ ಹಾಗಿದೆ. ಈ ಮೂಗು ಮಾಡೋವಾಗ ಶಿಲ್ಪಿಗೆ ನಿದ್ದೆ ಬಂದಿತ್ತೋ ಏನೋ."

ಚಿಕ್ಕವಳು ನಗು ತಡೆದುಕೊಂಡು ಕ್ಯಾಮೆರಾ ಕಣ್ಣಿಗೇರಿಸಿದಳು. ಅತ್ತೆ ಬೆರಳು ಚಾಚಿ ಮೂಗು ಮುಟ್ಟಿದರು. ಪ್ರತಿಮೆ ಒಂದು ಕಣ್ಣು ಹೊಡೆಯಿತು.

"ಅಯ್ಯಯ್ಯೋ!" ಎಂದು ಅತ್ತೆ ಹಾರಿಬಿದ್ದ ಸದ್ದಿಗೆ ಪಾರಿವಾಳಗಳೆಲ್ಲ ಎದ್ದವು. ಮರುಕ್ಷಣ ಅವರಿಗೆ ನಗು ಬಂತು.

ಅತ್ತೆಯ ನಗುವಿನ ವಿಷಯ ಇಲ್ಲಿ ಹೇಳಲೇಬೇಕು. ಅವರ ಮುಂದಿನ ಹಲ್ಲೊಂದು ಸೊಟ್ಟ, ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಊರಿಗೆಲ್ಲ "ನಗಿ, ನಗಿ" ಎನ್ನುತ್ತಿದ್ದ ಮಾವ ಹೆಂಡತಿಗೆ ಮಾತ್ರ "ಬಾಯಿ ಮುಚ್ಚು, ಹಲ್ಲು ಬೀಳುತ್ತೆ ಫೋಟೋದಲ್ಲಿ" ಎನ್ನುತ್ತಿದ್ದರಂತೆ. ಹಾಗಾಗಿ ಫೋಟೋಗ್ರಾಫರನ ಹೆಂಡತಿಯ ನಗುವ ಫೋಟೋ ಈ ಭೂಮಿಯ ಮೇಲೆ ಒಂದೂ ಇರಲಿಲ್ಲ. ಕ್ಯಾಮೆರಾ ಕಂಡರೆ ಅತ್ತೆಯ ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಆ ನಗುವನ್ನು ಒಂದು ಸಲ ಹಿಡಿಯಬೇಕೆಂದು ದೊಡ್ಡವಳು ಮನೆಗೆ ಬಂದ ಹೊಸದರಿಂದ ಹೊಂಚು ಹಾಕುತ್ತಿದ್ದಳು, ಬಾಗಿಲ ಸಂದಿನಿಂದ, ಕಿಟಕಿಯಾಚೆಯಿಂದ. ಸಿಕ್ಕಿದ್ದೆಲ್ಲ ಕೈ, ಬರೀ ಕೈ.

ಈಗಲೂ ಕೈ ಮೇಲೆದ್ದಿತು. ಅರ್ಧ ದಾರಿಯಲ್ಲಿ ನಿಂತಿತು. ಅತ್ತೆ ಚಿಕ್ಕವಳ ಕೈಯಲ್ಲಿದ್ದ ಕ್ಯಾಮೆರಾವನ್ನು ನೋಡಿದರು. ಕೈ ಕೆಳಗಿಳಿಯಿತು.

ನನಗೆ ಇಳಿಯದ ಕೈ ಇವಳಿಗೆ ಇಳಿಯಿತು, ಎಂದಿತು ದೊಡ್ಡವಳ ಒಡಲು. ಕ್ಲಿಕ್ ಎಂದು ಕೇಳಿಸಿತು. ಚೌಕ ತುಂಬುವ ಹಾಗೆ ಅತ್ತೆ ನಗುವುದೂ ಕೇಳಿಸಿತು. ಅವಳ ಕಣ್ಣು ಆಗಲೇ ಗುಂಡಿಯ ಮೇಲಿತ್ತು. ಚಿಕ್ಕವಳು ಲಿವರ್ ಎಳೆದಳು, ಇನ್ನೊಂದು ಕ್ಲಿಕ್, ಮತ್ತೆ ಎಳೆದಳು. ತಿರುಗಬೇಡ, ತಿರುಗಬೇಡ ಎಂದು ದೊಡ್ಡವಳು ಆ ಗುಂಡಿಗೆ ಮನಸ್ಸಿನಲ್ಲೇ ಹೇಳುತ್ತಿದ್ದಳು. ಈ ಹಾಳು ಗುಂಡಿ ಈಗ ಎಲ್ಲಿ ತಿರುಗಿಬಿಡುತ್ತದೋ ಎಂದು ಅವಳ ಉಸಿರೇ ನಿಂತಿತ್ತು. ತಿರುಗಲಿಲ್ಲ. ಅವಳು ಉಸಿರು ಬಿಟ್ಟಳು.

"ಅಕ್ಕ! ಸಿಕ್ತು ಅಕ್ಕ! ಅತ್ತೆ ನಕ್ಕಿದ್ದು ಸಿಕ್ತು!" ಚಿಕ್ಕವಳು ಮಗುವಿನ ಹಾಗೆ ಕುಣಿದಳು. ಆಮೇಲೆ ಕ್ಯಾಮೆರಾದ ನೆತ್ತಿಯ ಮೇಲಿನ ಎಣಿಕೆ ನೋಡಿ ಬೆರಗಾದಳು. "ಇದೇನಕ್ಕ, ಮೂವತ್ತಾರೇ ಬರೋದು ಅಂದಿದ್ರಿ, ಅದು ಮುಗಿದು ಎಷ್ಟೋ ಆಯ್ತು, ಇನ್ನೂ ಬರ್ತಾನೇ ಇದೆ! ಮಾವನ ಕ್ಯಾಮೆರಾ ಅಕ್ಷಯಪಾತ್ರೆ ಕಣ್ರೀ!"

ಅತ್ತೆ ಕಣ್ಣೊರೆಸಿಕೊಳ್ಳುತ್ತಾ ದೊಡ್ಡವಳ ಕಡೆ ತಿರುಗಿದರು. "ಹೌದೇನಮ್ಮ? ನೀನು ಬಲ್ಲವಳು. ಹಾಗೂ ಬರುತ್ತಾ?"

ಇಲ್ಲಿಯವರೆಗೆ ಅವಳು ಸುಮ್ಮನಿದ್ದಳು, ಅಷ್ಟೇ. ಸುಮ್ಮನಿರುವುದಕ್ಕೆ ಸಾವಿರ ಸಮಾಧಾನ ಹೇಳಿಕೊಳ್ಳಬಹುದು. ಈಗ ಬಾಯಿ ಬಿಡಲೇಬೇಕಾಗಿತ್ತು.

"ಹಳೇ ಕ್ಯಾಮೆರಾ ಅತ್ತೆ," ಅಂದಳು. "ಕೆಲವು ಸಲ ಒಂದಿಷ್ಟು ಜಾಸ್ತಿ ಬರುತ್ತೆ."

"ಓ," ಎಂದರು ಅತ್ತೆ. "ಹಾಗಾ."

ಸುರುಳಿ ವಾಪಸು ಸುತ್ತಿಕೊಡಿ ಎಂದು ಚಿಕ್ಕವಳು ಕೊಟ್ಟಾಗ ದೊಡ್ಡವಳು ಅದೇ ಗುಂಡಿಯನ್ನು ತಿರುಗಿಸಿದಳು. ಒಳಗೆ ಸುತ್ತಲು ಇದ್ದದ್ದು ಗೇಣುದ್ದದ ನಾಲಿಗೆ. ಎರಡು ಸುತ್ತಿಗೇ ಅದು ಒಳಗೆ ಹೋಯಿತು. ಅವಳು ನಿಲ್ಲಿಸಲಿಲ್ಲ. ಕಾಳಿಲ್ಲದ ಬೀಸುವ ಕಲ್ಲು ತಿರುಗಿಸಿದ ಹಾಗೆ ಸುತ್ತಿದಳು, ನಡುನಡುವೆ ಬಿಗಿಯಾಯಿತು ಎಂಬಂತೆ ಹುಬ್ಬು ಗಂಟಿಕ್ಕಿ ಮತ್ತೆ ಸುತ್ತಿದಳು. ಅತ್ತೆ ಬೆಂಚಿನ ಮೇಲೆ ಕೂತು ಅವಳ ಬೆರಳುಗಳನ್ನೇ ನೋಡುತ್ತಿದ್ದರು. ಮುದುಕಿಗೆ ಏನು ತಿಳಿಯುತ್ತದೆ ಎಂದುಕೊಂಡಳು ದೊಡ್ಡವಳು. ಸ್ಟುಡಿಯೋದಲ್ಲಿ ಅತ್ತೆ ಮಾಡುತ್ತಿದ್ದುದು ಮುಂದಿನ ಕೋಣೆಯಲ್ಲಿ ಗಿರಾಕಿಗಳ ತಲೆ ಬಾಚಿಸಿ ಒಳಗೆ ಕಳಿಸುವ ಕೆಲಸ ಎಂದೇ ಅವಳು ಕೇಳಿದ್ದಳು.

ಊರಿಗೆ ಹೋಗುವವರೆಗೆ ಕಾಯುವ ತಾಳ್ಮೆ ಚಿಕ್ಕವಳಿಗಿರಲಿಲ್ಲ. ನಿಲ್ದಾಣದ ಹತ್ತಿರದ ಬೀದಿಯಲ್ಲಿ ಫಿಲ್ಮ್ ತೊಳೆದುಕೊಡುವ ಅಂಗಡಿ ಹುಡುಕಿ ಇಬ್ಬರ ಸುರುಳಿಗಳನ್ನೂ ಕೊಟ್ಟಳು. ಕೊನೆಯ ದಿನ ರೈಲಿಗೆ ಮುಂಚೆ ಹೋಗಿ ನಿಂತಾಗ ಅಂಗಡಿಯವನು ದೊಡ್ಡವಳ ಚಿತ್ರಗಳ ಲಕೋಟೆಯನ್ನು ಮೊದಲು ಕೊಟ್ಟ. ಕಮಾನು, ಗೋಪುರ, ಮೆಟ್ಟಿಲು. ಎಲ್ಲವೂ ಸರಿಯಾಗಿತ್ತು. ಆಮೇಲೆ ಚಿಕ್ಕವಳ ಫಿಲ್ಮಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ತೋರಿಸಿದ. ಈ ತುದಿಯಿಂದ ಆ ತುದಿಯವರೆಗೆ ಬರಿದು.

"ಇದರ ಮೇಲೆ ಬೆಳಕೇ ಬಿದ್ದಿಲ್ಲ," ಅಂದ. "ಕ್ಯಾಮೆರಾಕ್ಕೆ ಫಿಲ್ಮ್ ಹಾಕಿದ್ದು ಯಾರು?"

"ಅಕ್ಕ ಹಾಕಿದ್ದು," ಎಂದಳು ಚಿಕ್ಕವಳು ತಟ್ಟನೆ. "ಅದರಲ್ಲಿ ತಪ್ಪಾಗೋ ಮಾತೇ ಇಲ್ಲ. ನಾನೇ ಏನೋ ಒತ್ತಬಾರದ್ದು ಒತ್ತಿರ್ತೀನಿ."

ಅಂಗಡಿಯವನು ದೊಡ್ಡವಳ ಕಡೆ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕೈ ಹೆಗಲಿನ ಚೀಲದ ಪಟ್ಟಿಯನ್ನು ಎರಡು ಸಲ ಸರಿಮಾಡಿತು.

ರೈಲು ಬರಲು ಇನ್ನೂ ಹೊತ್ತಿತ್ತು. ಮೂವರೂ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತರು. ಚಿಕ್ಕವಳು ಅಳುವುದನ್ನು ಮುಚ್ಚಿಡುವವಳಲ್ಲ, ಮೂಗು ಒರೆಸಿಕೊಳ್ಳುತ್ತಾ ಅತ್ತಳು. ಅತ್ತು ಮುಗಿದ ಮೇಲೆ ಕೊರಳಿನಿಂದ ಕ್ಯಾಮೆರಾ ತೆಗೆದು ದೊಡ್ಡವಳ ಮಡಿಲಲ್ಲಿಟ್ಟಳು. "ಅಕ್ಕನೇ ಇಟ್ಕೊಳ್ಲಿ ಅತ್ತೆ. ನನಗೆ ಯೋಗ್ಯತೆ ಇಲ್ಲ. ಅಕ್ಕನ ಕೈಲಿದ್ರೆ ಮಾವನಿಗೂ ನೆಮ್ಮದಿ." ಆಮೇಲೆ ಮುಖ ತೊಳೆದು ಕಾಫಿ ತರುತ್ತೇನೆಂದು ಎದ್ದು ಹೋದಳು.

ಕ್ಯಾಮೆರಾ ಮಡಿಲಲ್ಲಿತ್ತು. ಇಷ್ಟು ವರ್ಷ ಬೇಕೆಂದಿದ್ದು ತಾನಾಗಿ ಬಂದು ಕೂತಿತ್ತು. ಅದರ ಭಾರ ಅವಳಿಗೆ ಚೆನ್ನಾಗಿ ಗೊತ್ತು, ಆದರೂ ಇವತ್ತು ಯಾಕೋ ಜಾಸ್ತಿ ಅನ್ನಿಸಿತು.

"ಸೇತುವೆ ಮೇಲೆ ನೋಡಿದೆ ನಾನು," ಎಂದರು ಅತ್ತೆ. ಅವರು ಹಳಿಗಳನ್ನು ನೋಡುತ್ತಿದ್ದರು. "ಗುಂಡಿ ತಿರುಗ್ತಿರಲಿಲ್ಲ. ನೀನೂ ನೋಡಿದೆ."

ದೊಡ್ಡವಳು ಥಟ್ಟನೆ ಅವರತ್ತ ತಿರುಗಿದಳು. "ಅತ್ತೆ, ನಿಮಗೆ..."

"ಮದುವೆ ಮನೆಗಳಲ್ಲಿ ನಿನ್ನ ಮಾವ ಒಂದು ಕ್ಯಾಮೆರಾದಲ್ಲಿ ತೆಗೀತಾ ಇದ್ರೆ, ಇನ್ನೊಂದು ತುಂಬಿಸಿ ಕೈಗೆ ಕೊಡ್ತಿದ್ದವಳು ಯಾರು ಅಂದ್ಕೊಂಡೆ? ಗುಂಡಿ ನೋಡೋದನ್ನ ಅವರಿಗೆ ಹೇಳಿಕೊಟ್ಟವಳೇ ನಾನು. ಒಂದು ಮದುವೆ ಪೂರ್ತಿ ಬರಿದಾದ ಮೇಲೆ."

"ಹಾಗಾದ್ರೆ ನೀವೇ ಯಾಕೆ ಹೇಳ್ಲಿಲ್ಲ?"

"ತುಂಬಿಸಿದವಳು ಹೇಳ್ಲಿ ಅಂತ ಕಾದೆ. ಸೂಪು ಕುಡಿಯೋವಾಗ ಹೇಳ್ತೀಯ ಅಂದ್ಕೊಂಡೆ. ಅಕ್ಷಯಪಾತ್ರೆ ಅಂತ ಅವಳು ಕುಣಿದಾಗ ಹೇಳ್ತೀಯ ಅಂದ್ಕೊಂಡು ಕೇಳಿಯೂ ನೋಡಿದೆ." ಅತ್ತೆ ಶಾಲಿನ ಅಂಚು ಬೆರಳಿಗೆ ಸುತ್ತಿಕೊಂಡರು. "ಕ್ಯಾಮೆರಾ ಬೇಕು ಅಂತ ಒಂದು ಮಾತು ಕೇಳಿದ್ರೆ ಯಾವತ್ತೋ ಕೊಡ್ತಿದ್ದೆ. ಅಳದಿದ್ರೆ ತಾಯಿನೂ ಹಾಲು ಕೊಡಲ್ಲ. ನೀನು ಒರೆಸಿ ಒರೆಸಿ ಮೇಲಿಡ್ತಿದ್ದೆ. ಇವಳಿಗೆ ಇದು ಮುಟ್ಟೋಕೂ ಇಷ್ಟ ಇಲ್ವೇನೋ, ಧೂಳಿಗಾಗಿ ಒರೆಸ್ತಾಳೆ ಅಂದ್ಕೊಂಡೆ."

ಹೊಟ್ಟೆಕಿಚ್ಚಿನವರಿಗೆ ಸೋಲು ಗೊತ್ತು, ಗೆಲುವೂ ಗೊತ್ತು. ಇಂಥದ್ದಕ್ಕೆ ಏನನ್ನಬೇಕೋ ದೊಡ್ಡವಳಿಗೆ ತಿಳಿಯಲಿಲ್ಲ. ಕೊನೆಗೆ, ಕೇಳಬಾರದ್ದನ್ನೇ ಕೇಳಿದಳು. ಇಷ್ಟಾದ ಮೇಲೂ ಅವಳನ್ನು ಸುಡುತ್ತಿದ್ದುದು ಅದೊಂದೇ.

"ಅವಳಿಗಾಗಿ ಕೈ ಇಳಿಸಿ ನಕ್ಕಿರಲ್ಲ ಅತ್ತೆ. ನನಗೆ ಒಂದು ದಿನವೂ ನಗಲಿಲ್ಲ."

ಅತ್ತೆ ಈಗ ತಿರುಗಿ ನೋಡಿದರು. "ಅವಳಿಗಾಗಿ? ಹುಚ್ಚಿ. ಅದರಲ್ಲಿ ಏನೂ ಬೀಳಲ್ಲ ಅಂತ ಗೊತ್ತಿತ್ತಲ್ಲ, ಅದಕ್ಕೇ ಧೈರ್ಯವಾಗಿ ನಕ್ಕೆ. ಜೀವಮಾನದಲ್ಲಿ ಒಂದು ಸಲ ಕ್ಯಾಮೆರಾ ಮುಂದೆ ಬಾಯಿ ತೆರೆದೆ." ಮತ್ತೆ ಹಳಿಯ ಕಡೆ ನೋಡುತ್ತಾ ಅಂದರು, "ಆಮೇಲೆ ನೆನಪಾಯ್ತು, ನಿನ್ನ ಕೊರಳಲ್ಲೂ ಒಂದು ಇತ್ತು. ಅದರಲ್ಲಿ ಫಿಲ್ಮ್ ಸರಿಯಾಗೇ ಇತ್ತು. ಸಿಕ್ಕಿಬಿದ್ದೆ ಅಂತ ನಿನ್ನ ಕಡೆ ನೋಡಿದೆ. ನೀನು ಕ್ಯಾಮೆರಾ ಎತ್ತಿರಲೇ ಇಲ್ಲ."

ಚಿಕ್ಕವಳು ಮೂರು ಕಾಗದದ ಲೋಟಗಳನ್ನು ಎರಡು ಕೈಯಲ್ಲಿ ಹೇಗೋ ಹಿಡಿದುಕೊಂಡು ಬರುತ್ತಿದ್ದಳು. ಅತ್ತೆ ತಗ್ಗಿದ ದನಿಯಲ್ಲಿ, "ನಾನು ಹೇಳಲ್ಲ. ನನ್ನ ಕೆಲಸ ಅಲ್ಲ ಅದು" ಎಂದರು.

ಚಿಕ್ಕವಳು ಲೋಟಗಳನ್ನು ಹಂಚಿ ದೊಡ್ಡವಳ ಪಕ್ಕಕ್ಕೆ ಒತ್ತಿಕೊಂಡು ಕೂತಳು. ಮುಖ ತೊಳೆದಿದ್ದಳು, ಮೂಗಿನ ತುದಿ ಇನ್ನೂ ಕೆಂಪಗಿತ್ತು.

"ಅಕ್ಕ, ಒಂದು ಕೇಳ್ಲಾ? ಹೂವಿನವಳೆಲ್ಲ ಹೋಗ್ಲಿ ಬಿಡಿ ಅಕ್ಕ. ಅತ್ತೆ ನಕ್ಕಿದ್ದೊಂದು ಹೇಗಿತ್ತು ಹೇಳಿ. ಈ ಕ್ಯಾಮೆರಾದಲ್ಲಿ ಕ್ಲಿಕ್ ಅಂದ ಕೂಡಲೇ, ಲಿವರ್ ಎಳೆಯೋವರೆಗೂ, ಒಳಗೆ ಕಣ್ಣಿಗೆ ಕಪ್ಪಾಗುತ್ತಲ್ಲ, ಸರಿಯಾಗಿ ಆಗಲೇ ಅತ್ತೆ ಬಾಯ್ತುಂಬ ನಕ್ರು. ಎರಡು ಸಲವೂ ಹಾಗೇ ಆಯ್ತು. ಫೋಟೋದಲ್ಲಿ ನೋಡ್ಕೊಂಡ್ರಾಯ್ತು ಅಂದ್ಕೊಂಡೆ ನಾನು. ನೀವು ಪಕ್ಕದಲ್ಲೇ ನಿಂತಿದ್ರಲ್ಲ ಅಕ್ಕ, ನೋಡಿರ್ತೀರಿ."

ದೊಡ್ಡವಳು ಕಣ್ಣು ಮುಚ್ಚಿಕೊಂಡಳು. ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟಳು. ಬೆಳ್ಳಿಯ ಮನುಷ್ಯ ಬಂದ. ಪಾರಿವಾಳಗಳು ಬಂದವು. ಅರ್ಧ ಏರಿ ಇಳಿದ ಕೈ ಬಂತು. ಆಮೇಲೆ ಗುಂಡಿ. ಅದರ ಮೇಲಿನ ಗೀರುಗಳು, ಅಂಚಿನಲ್ಲಿ ಸವೆದು ಹಿತ್ತಾಳೆ ಕಾಣುತ್ತಿದ್ದ ಜಾಗ, ಎಲ್ಲವೂ ಸ್ಪಷ್ಟವಾಗಿ ಕಂಡವು. ಅದರಾಚೆ ಏನೂ ಇರಲಿಲ್ಲ.

"ನಾನು ನೋಡ್ಲಿಲ್ಲ," ಅಂದಳು. "ನಾನು ಗುಂಡಿ ನೋಡ್ತಿದ್ದೆ."

"ಯಾವ ಗುಂಡಿ ಅಕ್ಕ?"

ಅವಳು ಕಾಫಿಯನ್ನು ಬೆಂಚಿನ ಕೆಳಗಿಟ್ಟು ಚೀಲದಿಂದ ಹೊಸ ಸುರುಳಿಯೊಂದನ್ನು ತೆಗೆದಳು. ಕ್ಯಾಮೆರಾದ ಬೆನ್ನು ತೆರೆದಳು. ನಾಲಿಗೆಯನ್ನು ಸೀಳಿಗೆ ಸಿಕ್ಕಿಸಿ, ಲಿವರ್ ಎಳೆದು, ಅದು ಕಚ್ಚಿಕೊಂಡದ್ದನ್ನು ಚಿಕ್ಕವಳಿಗೆ ತೋರಿಸಿದಳು. ಬೆನ್ನು ಮುಚ್ಚಿದಳು. ಆಮೇಲೆ ಚಿಕ್ಕವಳ ಬೆರಳು ಹಿಡಿದು ಎಡ ಮೂಲೆಯ ಗುಂಡಿಯ ಮೇಲಿಟ್ಟು, ಕ್ಲಿಕ್ ಮಾಡಿ, ಇನ್ನೊಮ್ಮೆ ಲಿವರ್ ಎಳೆದಳು. ಬೆರಳ ಕೆಳಗೆ ಗುಂಡಿ ತಿರುಗಿತು.

"ರೈಲಿನಲ್ಲಿ ನಾನು ಇದನ್ನ ನೋಡ್ದೆ ಕೊಟ್ಟೆ," ಎಂದಳು ದೊಡ್ಡವಳು. ಕೈ ನಡುಗುತ್ತಿತ್ತು. "ಸೇತುವೆ ಮೇಲೆ ನೋಡಿದೆ. ತಿರುಗ್ತಿರಲಿಲ್ಲ. ಹೇಳ್ಲಿಲ್ಲ. ನಿನಗೆ ಇದು ಸಿಕ್ಕಬಾರದು ಅಂತ."

ಚಿಕ್ಕವಳು ಗುಂಡಿಯ ಮೇಲಿನ ಬೆರಳನ್ನು ತೆಗೆಯಲಿಲ್ಲ. ದೂರದಲ್ಲಿ ರೈಲಿನ ಸದ್ದು ಕೇಳಿಸಿತು, ಜನ ಎದ್ದು ಚೀಲಗಳನ್ನು ಎತ್ತಿಕೊಳ್ಳತೊಡಗಿದರು. ಅತ್ತೆ ತುಟಿ ಬಿಗಿದು, ಕೈಯನ್ನು ಬಾಯಿಯ ಹತ್ತಿರ ಇಟ್ಟುಕೊಂಡು ಕೂತಿದ್ದರು. ಈಗ ಕ್ಯಾಮೆರಾದಲ್ಲಿ ಫಿಲ್ಮ್ ಇತ್ತು.

ಕೊನೆಗೆ ಚಿಕ್ಕವಳು ಕ್ಯಾಮೆರಾವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಇನ್ನೊಂದು ಸಲ ತೋರಿಸಿ," ಅಂದಳು.

ದೊಡ್ಡವಳು ಕಾದಳು. ಮಾತು ಅಲ್ಲಿಗೇ ಮುಗಿದಿತ್ತು. ಅದರ ಕೊನೆಗೆ ಅಕ್ಕ ಇರಲಿಲ್ಲ.